ಕಾಟಲಿಂಗಪ್ಪನ ಹೊಲಕ್ಕೆ ಬಂದ ನಾಲ್ಕು ದೇಶಗಳು

ನೇಗಿಲಿಗೆ ಹೊಸ ಗುಳ ತರಲು ಚಿತ್ರದುರ್ಗಕ್ಕೆ ಹೋದ ಮನುಷ್ಯ ಗುಳ ತಂದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಮದಕರಿಪುರದ ಕಾಟಲಿಂಗಪ್ಪ ಬಿಸಿಲಿಗೆ ತಡೆಯಲಾರದೆ ಕಾಲೇಜಿನ ಸಭಾಂಗಣಕ್ಕೆ ನುಗ್ಗಿದ. ಒಳಗೆ ಹೊರದೇಶ ಸುತ್ತಿ ಬಂದ ಪ್ರೊಫೆಸರೊಬ್ಬರು, ಯಾವ ದೇಶದಲ್ಲಿ ಯಾರನ್ನು ಪ್ರಗತಿಪರ ಎನ್ನುತ್ತಾರೆಂದು ಭಾಷಣ ಮಾಡುತ್ತಿದ್ದರು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗುತ್ತಿತ್ತು. ಎರಡನೇ ಚುನಾವಣೆಯ ಶಾಯಿ ಬೆರಳಿಂದ ಈಗಷ್ಟೇ ಮಾಸಿತ್ತು. ನೆರಳಿಗೆಂದು ಕೂತವನು ಭಾಷಣವನ್ನು ಪೂರ್ತಿ ಕೇಳಿ, ತಾನೂ ಪ್ರಗತಿಪರನೇ ಎಂದು ತೀರ್ಮಾನಿಸಿ ಊರಿನ ಬಸ್ಸು ಹತ್ತಿದ.

ಮಧ್ಯಾಹ್ನದ ಹೊತ್ತಿಗೆ ಅರಳಿಕಟ್ಟೆಯಲ್ಲಿ ಜನ ಸೇರಿತ್ತು. ಕಾಟಲಿಂಗಪ್ಪ ನೀರೂ ಕುಡಿಯದೆ ಶುರುಮಾಡಿದ. ಅಮೆರಿಕದಲ್ಲಿ ಪ್ರಗತಿಪರ ಅಂದರೆ ಎಲ್ಲವನ್ನೂ ಒಬ್ಬನೇ ಬಾಚಿಕೊಳ್ಳದಂತೆ ತಡೆಯುವವನು. ಇಂಗ್ಲೆಂಡಿನಲ್ಲಿ ದುಡಿಯುವವರ ಸಂಘ ಕಟ್ಟುವವನು. ಸ್ವೀಡನ್ನಿನಲ್ಲಿ ದಿಕ್ಕಿಲ್ಲದವರ ಪಾಲು ಮೊದಲು ತೆಗೆದಿಡುವವನು. ನ್ಯೂಜಿಲೆಂಡಿನಲ್ಲಂತೂ ಪ್ರಪಂಚಕ್ಕೇ ಮೊದಲು ಹೆಂಗಸರ ಕೈಗೆ ಓಟು ಕೊಟ್ಟವನು.

"ಒಂದೊಂದು ದೇಶದಾಗೆ ಒಂದೊಂದು ಅರ್ಥ ಐತೆ. ನಾವು ಎಲ್ಲಾನೂ ತಗಳ್ಳಾಣ" ಎಂದ.

ಊರಗೌಡ ಮೂಡಲಗಿರಿಯಪ್ಪ ಎಲೆಅಡಿಕೆ ಉಗಿದು, ಹಿರಿಯರ ಕಟ್ಟಳೆಯೇ ಸಾಕೆಂದ. ಹುರುಪಿನಲ್ಲಿದ್ದ ಕಾಟಲಿಂಗಪ್ಪ, ಗೌಡ್ರ ಕಾಲ ಮುಗೀತು ಎಂದುಬಿಟ್ಟ. ಗೌಡ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದ.

ಕಾಟಲಿಂಗಪ್ಪನ ಹುರುಪಿಗೆ ಇನ್ನೊಂದು ಕಾರಣವಿತ್ತು. ಅಂದು ಸಂಜೆ ಊರೂರು ಅಲೆಯುವ ಕುರಿಗಾಹಿ ಯತ್ತಪ್ಪನ ಮಂದೆ ಅವನ ಹೊಲಕ್ಕೆ ಬರುವುದಿತ್ತು. ಬಿತ್ತನೆಗೆ ಮುಂಚೆ ಮಂದೆ ಮೂರು ರಾತ್ರಿ ಮಲಗಿ ಎದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಹೋದ ವರ್ಷ ಮಂದೆ ಸಿಗದೆ ಅವನ ರಾಗಿ ಮೊಣಕಾಲು ದಾಟಿರಲಿಲ್ಲ, ನೆಂಟರೆದುರು ಮಾನ ಹೋಗಿತ್ತು. ಈ ಸಲ ಎಲ್ಲರಿಗಿಂತ ಮೊದಲೇ ಯುಗಾದಿಯಲ್ಲೇ ಕೇಳಿಟ್ಟಿದ್ದ. ಮೂರು ರಾತ್ರಿ ಕಳೆದರೆ ಮಂದೆ ಹಿರಿಯೂರಿನ ಕಡೆ ಹೋಗಿಬಿಡುತ್ತದೆ. ಈಗ ತಪ್ಪಿದರೆ ಈ ವರ್ಷವೂ ಅದೇ ಗತಿ.

ಹೊತ್ತು ಇಳಿಯುವಾಗ ಮಂದೆ ಬದುವಿನ ಹತ್ತಿರ ಬಂತು. ಪಕ್ಕದ ಹೊಲದ ಚಿಕ್ಕತಿಮ್ಮಪ್ಪ ತೋಳಗಲಿಸಿ ಅಡ್ಡ ನಿಂತ.

"ಮೂರು ರಾತ್ರೀನೂ ನಿನ್ನೊಬ್ಬನ ಹೊಲಕ್ಕೇನಪ್ಪ? ಒಬ್ಬನೇ ಬಾಚ್ಕಂಡ್ರೆ ಅಮೆರಿಕದೋರು ಸುಮ್ನಿರ್ತಾರಾ?"

ಅದು ದೊಡ್ಡ ದೊಡ್ಡ ಎಣ್ಣೆ ಕಂಪನಿಗಳಿಗೆ ಹೇಳಿದ್ದು, ಕುರಿಹಿಕ್ಕೆಗಲ್ಲ ಎಂದು ಕಾಟಲಿಂಗಪ್ಪ ಅಂಗಲಾಚಿದ. ಅಷ್ಟರಲ್ಲಿ, ಕಟ್ಟೆಯ ಮಾತು ಕಿವಿಗೆ ಬಿದ್ದಿದ್ದ ಯತ್ತಪ್ಪ ಕಂಬಳಿ ಹಾಸಿ ಕೂತುಬಿಟ್ಟ. ಕುರಿ ಕಾಯುವವರೆಲ್ಲ ದಾರಿಯಲ್ಲೇ ಸಂಘ ಕಟ್ಟಿದ್ದಾರಂತೆ, ಇಂಗ್ಲೆಂಡಿನ ಹಾಗೆ ಅವರಿಗೂ ರಜೆ ಬೇಕಂತೆ. ನಾಳೆ ಹಗಲು ಹೊಲದವನೇ ಮಂದೆ ಮೇಯಿಸಲಿ ಎಂದ. ಕಾಟಲಿಂಗಪ್ಪ ತಕ್ಷಣ ಒಪ್ಪಿಕೊಂಡ. ಒಪ್ಪಿ ಮುಗಿಸುವಷ್ಟರಲ್ಲಿ ಬೊಮ್ಮಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. ಗಂಡ ಸತ್ತ ಮೇಲೆ ತುಂಡು ಹೊಲವನ್ನು ಒಬ್ಬಳೇ ಉಳುವ ಹೆಂಗಸು ಅವಳು.

"ದಿಕ್ಕಿಲ್ಲದೋರ ಪಾಲು ಮೊದ್ಲು ಅಂದ್ಯಂತಲ್ಲಣ್ಣ. ನಮ್ಮೂರಾಗೆ ನಂಗಿಂತ ದಿಕ್ಕಿಲ್ಲದೋಳು ಯಾರವ್ಳೆ?"

ಸ್ವೀಡನ್ನನ್ನು ಅವನು ಎಲ್ಲ ದೇಶಗಳಿಗಿಂತ ಜಾಸ್ತಿ ಹೊಗಳಿದ್ದ. ಕುರಿಗಳು ನಿಂತಲ್ಲೇ ಅರಚತೊಡಗಿದವು, ಅರ್ಧ ಊರು ಬದುವಿನ ಮೇಲೆ ಸೇರಿತು, ಒಬ್ಬೊಬ್ಬರು ಒಂದೊಂದು ದೇಶದ ಕಡೆಯಿಂದ ಕೂಗಿದರು. ಅಷ್ಟರಲ್ಲಿ ಗೌಡ ಮೂಡಲಗಿರಿಯಪ್ಪ ಕೋಲೂರುತ್ತ ಬರುವುದು ಕಾಣಿಸಿತು. ಕಾಟಲಿಂಗಪ್ಪ ಓಡಿಹೋಗಿ ಕೈ ಹಿಡಿದುಕೊಂಡ.

"ನಂಗೆ ಯಾವ ದೇಶಾನೂ ಬೇಡ ಗೌಡ್ರೇ. ಹಿರಿಯರ ಕಟ್ಟಳೆ ಹೆಂಗೈತೋ ಹಂಗೇ ತೀರ್ಮಾನ ಮಾಡ್ರಿ."

ಗೌಡನ ಕಣ್ಣು ಮಿಂಚುತ್ತಿತ್ತು. ಮಧ್ಯಾಹ್ನವೆಲ್ಲ ಕಾಟಲಿಂಗಪ್ಪನ ಮಾತನ್ನೇ ಯೋಚಿಸಿದ್ದನಂತೆ, ತನ್ನ ಬಗ್ಗೆ ತನಗೇ ನಾಚಿಕೆಯಾಯಿತಂತೆ. ಇನ್ನು ಈ ಊರಲ್ಲಿ ಕಟ್ಟಳೆ ಗಿಟ್ಟಳೆ ಇಲ್ಲ, ಕೈ ಎತ್ತಿಸಿ ತೀರ್ಮಾನ, ಹೆಂಗಸರೂ ಎತ್ತಬೇಕು ಎಂದು ಸಾರಿದ.

ಗಂಡಸರ ಕೈಗಳು ಮೂರು ಕಡೆ ಹಂಚಿಹೋದವು; ಹೆಂಗಸರೆಲ್ಲ ಬೊಮ್ಮಕ್ಕನ ಕಡೆ ಕೈ ಎತ್ತಿದರು. ಎಲ್ಲರಿಗಿಂತ ಮೇಲೆ ಹೋದ ಕೈ ಕಾಟಲಿಂಗಪ್ಪನ ಹೆಂಡತಿ ಜಯಕ್ಕನದು.

"ಲೇ, ನೀನೂನಾ?" ಎಂದ ಕಾಟಲಿಂಗಪ್ಪ.

"ನ್ಯೂಜಿಲೆಂಡಿನಾಗೆ ಗಂಡನ್ನ ಕೇಳಿ ಓಟು ಹಾಕ್ತಾರೇನ್ರಿ?" ಎಂದಳು ಜಯಕ್ಕ. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು.

ಮಂದೆ ಗಲಗಲ ಅನ್ನುತ್ತ, ಮೂರೂ ರಾತ್ರಿಗೆಂದು, ಬೊಮ್ಮಕ್ಕನ ಹೊಲಕ್ಕೆ ಇಳಿಯಿತು. ಜನ ಕಾಟಲಿಂಗಪ್ಪನಿಗೆ ಜೈಕಾರ ಹಾಕಿದರು. ಇಂಥ ತೀರ್ಮಾನ ಈ ಸೀಮೆಯಲ್ಲೇ ಆಗಿರಲಿಲ್ಲವೆಂದು ಯಾರೋ ಬೆನ್ನು ತಟ್ಟಿದರು. ಅವನು ಬರಿಗೈಯಲ್ಲಿ ಮನೆಯ ಕಡೆ ಹೊರಟಾಗ ಗೌಡ ಜೊತೆಯಾದ. ಹೆಗಲ ಮೇಲೆ ಕೈ ಹಾಕಿ ಪ್ರೀತಿಯಿಂದ ಹೇಳಿದ:

"ನಿನ್ನಂಥ ದೊಡ್ಡ ಮನಸು ಯಾರಿಗೂ ಬರಲ್ಲ ಕಣಪ್ಪ. ಹಿರಿಯರ ಕಟ್ಟಳೆಯಾಗೆ ಮೊದ್ಲು ಕೇಳಿದೋನಿಗೇ ಮಂದೆ. ಅದ್ನೇ ಹಿಡಿದಿದ್ರೆ ಮೂರು ರಾತ್ರೀನೂ ನಿಂದೇ ಆಗ್ತಿತ್ತು."