ಮೇಜಿನ ಮೇಲೆ ಮಾವ, ಲೋಟದೊಳಗೆ ಹುಳ

ಮೊದಲ ಮಳೆ ಬಿದ್ದು ವಾರವಾಗಿತ್ತು; ಸೋಮವಾರ ಬೆಳಗಿನ ಒಂಬತ್ತು ಗಂಟೆ. ದರ್ಜಿ ಕತ್ತರಿ ಹಿಡಿದು, ಹೆಣ್ಣು ಕೊಟ್ಟ ಮಾವ ಯಾವಾಗ ಏಳುತ್ತಾರೋ ಎಂದು ಕಾಯುತ್ತಿದ್ದ. ಎರಡು ದಿನಕ್ಕೆಂದು ಬಂದ ಮಾವ ಒಂದು ತಿಂಗಳಿಂದ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಮಲಗುತ್ತಿದ್ದರು. ನೆಲ ಅವರ ಸೊಂಟಕ್ಕೆ ಒಗ್ಗದು. ಶಾಲೆಯ ಸಮವಸ್ತ್ರದ ಬಟ್ಟೆ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಶನಿವಾರದೊಳಗೆ ಹೊಲಿದು ಕೊಡದಿದ್ದರೆ ಶಾಲೆಯವರು ಬೇರೆ ದರ್ಜಿಗೆ ಒಪ್ಪಿಸುವವರಿದ್ದರು.

ಆಗ ಕಿಟಕಿಯಿಂದ ಒಂದು ಹುಳ ಇಳಿಯಿತು. ಬೆರಳುದ್ದ, ಒಣಕಡ್ಡಿಯಂಥ ಮೈ. ಹೊಸ ಅಳಿಯ ಅತ್ತೆಮನೆಗೆ ಕಾಲಿಟ್ಟ ಹಾಗೆ ತೂಗಾಡುತ್ತ, ನಿಂತು ನಿಂತು ಬಂತು. ಇಂಥದ್ದನ್ನು ದರ್ಜಿ ಕಂಡೇ ಇರಲಿಲ್ಲ. ಗಾಜಿನ ಲೋಟದಲ್ಲಿ ಹಿಡಿದು ಮುಚ್ಚಿದ. ಹಿಡಿದ ಮೇಲೆ ಉಪಾಯ ಹೊಳೆಯಿತು: ಇದು ವಿಷದ ಹುಳವಾದರೆ ಮಾವ ಇವತ್ತೇ ಊರು ಸೇರಿಯಾರು!

ಔಷಧಿ ಅಂಗಡಿಗೆ ಓಡಿದ.

"ಕಡ್ಡಿಹುಳ ಕಣಯ್ಯ," ಅಂದ ಅಂಗಡಿಯವನು. "ಸೊಪ್ಪು ತಿನ್ಕೊಂಡು ಇರುತ್ತೆ, ಪಾಪದ್ದು."

"ಇನ್ನೊಂಚೂರು ಸರಿಯಾಗಿ ನೋಡಣ್ಣ. ಕಚ್ಚಿದ್ರೆ?"

"ಕಚ್ಚೋಕೆ ನೀನೇನು ಸೊಪ್ಪಾ?"

ಸಪ್ಪೆ ಮುಖದಲ್ಲಿ ಮರಳುವಾಗ ಮಹಡಿ ಮನೆಯ ಅಜ್ಜಿ ಎದುರಾದರು. ಲೋಟ ನೋಡಿದ್ದೇ ಕಿಟಾರನೆ ಕಿರುಚಿದರು.

"ಅಯ್ಯಯ್ಯೋ! ಇದು ಓಡಾಡಿದ ಕಡೆ ಮಲಗಿದ್ರೆ ಮೈಯೆಲ್ಲ ದಿಂಬಿನ ಹಾಗೆ ಊದುತ್ತೆ! ಒಂದಿದ್ರೆ ಮನೆ ತುಂಬ ಇರುತ್ತೆ!"

"ಇದನ್ನೇ ನಮ್ಮನೇಲಿ ಒಂದ್ಸಲ ಹೇಳಿ ಅಜ್ಜಿ. ಜೋರಾಗಿ."

ಅಜ್ಜಿ ಜೋರಾಗಿಯೇ ಹೇಳಿದರು. ಹೆಂಡತಿ ಒಲೆ ಆರಿಸಿ ಕುರ್ಚಿ ಹತ್ತಿ ನಿಂತಳು. "ನಾನಂತೂ ಈ ಮನೇಲಿ ಇರಲ್ಲ!"

ಮಾವ ಎದ್ದು ಕೂತರು.

"ನಿಮ್ಮ ಜೀವ ಮುಖ್ಯ, ಮಾವ. ನನ್ನ ಚಿಂತೆ ಬಿಡಿ," ಎಂದ ದರ್ಜಿ, ಮುಖ ಆದಷ್ಟು ಬಾಡಿಸಿಕೊಂಡು.

ಮಾವನ ಕಣ್ಣು ತುಂಬಿತು. ಅಂಗಿಯ ಜೇಬಿನಿಂದ ಬಸ್ ಟಿಕೆಟ್ ತೆಗೆದರು.

"ಬುಧವಾರ ಊರಿಗೆ ಹೊರಟಿದ್ದೆ, ಅಳಿಯಂದ್ರೇ. ನೀವು ಬೇಜಾರು ಮಾಡ್ಕೋತೀರಿ ಅಂತ ಹೇಳಿರ್ಲಿಲ್ಲ. ಇಂಥಾ ಹೊತ್ತಲ್ಲಿ ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋದ್ರೆ ನಾನು ಮನುಷ್ಯನಾ? ಈ ಟಿಕೆಟ್‌ನಲ್ಲಿ ಮಗಳು ಹೋಗ್ಲಿ, ಅವರಮ್ಮನ ಹತ್ರ ಇರ್ಲಿ. ಮೇಜಿನ ಮೇಲೆ ನಾನೇ ಮಲಗ್ತೀನಿ. ಊದೋದಾದ್ರೆ ನಾನು ಊದ್ತೀನಿ, ನೀವು ದುಡಿಯೋ ಮನುಷ್ಯ!"

ದರ್ಜಿ ಲೋಟವನ್ನು ಮಾವನ ಮುಂದೆ ಹಿಡಿದ. "ಮಾವ, ಔಷಧಿ ಅಂಗಡಿಯವನು ಪಾಪದ ಹುಳ ಅಂದ..."

"ನನ್ನ ಊರಿಗೆ ಕಳಿಸೋಕೆ ಸುಳ್ಳು ಹೇಳ್ಬೇಡಿ!" ಎಂದು ಅವನ ಬೆನ್ನು ಸವರಿದರು ಮಾವ. "ನಂಗೆ ಗೊತ್ತಾಗುತ್ತೆ."

ಬುಧವಾರ ಬೆಳಗಿನ ಬಸ್ಸಿಗೆ ಹೆಂಡತಿ ಹೊರಟಳು. ಶನಿವಾರ ಬಟ್ಟೆಯ ರಾಶಿ ಹೊರಟಿತು, ಇನ್ನೊಬ್ಬ ದರ್ಜಿಯ ಅಂಗಡಿಗೆ.