ಚಾಚಾ ಹೊಗಳಿದ ಸಿನಿಮಾ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಯಾರ ಧ್ವನಿಯಲ್ಲಿ ಒಪ್ಪಿಕೊಳ್ಳಲಿ ಎಂಬುದಷ್ಟೇ ಪ್ರಶ್ನೆ. ಮಿಮಿಕ್ರಿಯವನ ಕಷ್ಟ ಇದು. ಕ್ಷಮೆ ಕೇಳಿದರೂ ಜನ ‘ಒನ್ಸ್ ಮೋರ್’ ಅನ್ನುತ್ತಾರೆ.

ಶಹಾಬಾದಿನ ಮದುವೆ, ಕಾಲೇಜು ಗ್ಯಾದರಿಂಗುಗಳಲ್ಲಿ ಒಬ್ಬ ದೊಡ್ಡ ನಟನ ನಕಲು ಮಾಡಿಕೊಂಡು ಸುಖವಾಗಿದ್ದ ನನ್ನನ್ನು ಹಿಡಿದು, ಅಂಥದೇ ನಕಲಿಯೊಬ್ಬನ ಕಥೆಯಿರುವ ಹಾಸ್ಯ ಸಿನಿಮಾಕ್ಕೆ ಹೀರೋ ಮಾಡಿದರು. ಸೇಡಂನ ಟಾಕೀಸಿನಲ್ಲಿ ಬಿಡುಗಡೆಯೂ ಆಯಿತು. ಮೊಬೈಲಿನಲ್ಲಿ ಸಿನಿಮಾ ವಿಮರ್ಶೆ ಮಾಡುವವನೊಬ್ಬ, ‘ಹೀರೋ ಬೇರೆಯವರ ಧ್ವನಿಯಲ್ಲಿ ಮಾತಾಡುವಾಗ ತಡೆದುಕೊಳ್ಳಬಹುದು, ಸ್ವಂತ ಧ್ವನಿಗೆ ಮಾತ್ರ ಡಬ್ಬಿಂಗ್ ಮಾಡಿಸಬೇಕಿತ್ತು’ ಎಂದ. ನಮ್ಮವ್ವ ಪೂರಾ ಸಿನಿಮಾ ನೋಡಿ, “ಭಾಳ ಛಲೋ ಅದ. ಅದರಾಗ ನೀ ಯಾವಾಗ ಬರ್ತಿ?” ಎಂದಳು. ಮೇಕಪ್ ಅಷ್ಟು ಚೆನ್ನಾಗಿತ್ತು ಎಂದುಕೊಂಡೆ. ಟಾಕೀಸಿನ ಮ್ಯಾನೇಜರಿಗೆ ಅಂಥ ಭ್ರಮೆಗಳಿಲ್ಲ: “ಐತವಾರ ಮಂದಿ ಬರಲಿಲ್ಲಂದ್ರ ಸೋಮಾರ ಬ್ಯಾರೆ ಸಿನಿಮಾ ಹಾಕ್ತೀನಿ ನೋಡ್ರಿ.”

ನಮ್ಮ ಕಡೆ ಸಿನಿಮಾದ ಹಣೆಬರಹ ಬರೆಯುವವರು ವಾಡಿ ಸ್ಟೇಷನ್ ಎದುರಿನ ಚಹಾ ಹೋಟೆಲಿನ ಮೈಬೂಬ್ ಚಾಚಾ. ಅವರ ಮಾತು ಪ್ಯಾಸೆಂಜರ್ ಗಾಡಿ ಹತ್ತಿ ಚಿತ್ತಾಪುರ, ಸೇಡಂ ಮುಟ್ಟುತ್ತದೆ. ಭಾಳ ಹಿಡಿಸಿದರೆ ‘ನಡೀತದ’ ಎನ್ನುತ್ತಾರೆ. ಅದಕ್ಕಿಂತ ಮೇಲಿನ ಮಾತನ್ನು ಸ್ವಂತ ಮಗಳ ನಿಕಾಹದ ಬಿರ್ಯಾನಿಗೂ ಆಡಿದವರಲ್ಲ.

ಅಂಥವರ ಧ್ವನಿಯಲ್ಲಿ ನಾನು ಊರ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ ಆಡಿಯೋ ಇದು: “ಕ್ಯಾ ಆಕ್ಟಿಂಗ್! ನಕ್ಕು ನಕ್ಕು ಕಣ್ಣಾಗ ನೀರು ಬಂದಾವ. ಎಲ್ಲಾರೂ ಹೋಗಿ ನೋಡ್ರಿ!”

ಮರುದಿನ ಗಿರಾಕಿಗಳು ಟಾಕೀಸಿಗೆ ಹೋಗಲಿಲ್ಲ. ಎಳನೀರು, ಬ್ರೆಡ್ಡು ಹಿಡಿದುಕೊಂಡು ಹೋಟೆಲಿಗೆ ಬಂದರು. ಒಬ್ಬರು ಚಾಚಾನ ಹಣೆ ಮುಟ್ಟಿ ನೋಡಿದರು.

“ಅರೆ, ನನಗೇನಾಗ್ಯಾದ?”

“ಸಿನಿಮಾ ಹೊಗಳೀರಲ್ಲ ಚಾಚಾ, ಶುಗರ್ ಚೆಕ್ ಮಾಡಸ್ರಿ!”

ಯಾರೋ ಆಡಿಯೋ ಹಚ್ಚಿದರು. ಚಾಚಾ ಕೊನೆಯವರೆಗೂ ಕೇಳಿದರು. ಮೂಲೆಯಲ್ಲಿದ್ದ ನಾನು ಚಹಾದ ಗ್ಲಾಸಿನೊಳಗೆ ಇಳಿಯಲು ಜಾಗ ಹುಡುಕುತ್ತಿದ್ದೆ. ಅವರು ಬೈಯಲಿಲ್ಲ. “ಐತವಾರ ಶೋ ಎಷ್ಟಕ್ಕದ?” ಎಂದಷ್ಟೇ ಕೇಳಿದರು.

ಐತವಾರ ಹೋಟೆಲು ಬಂದ್. ಹಬ್ಬದ ದಿನವೂ ತೆರೆದಿರುವ ಹೋಟೆಲು ಮುಚ್ಚಿ ಚಾಚಾ ಸಿನಿಮಾಕ್ಕೆ ಹೊರಟರೆಂದು ಅರ್ಧ ವಾಡಿ ಹಿಂದೆಯೇ ಗಾಡಿ ಹತ್ತಿತು. ಟಾಕೀಸು ತುಂಬಿತು! ಒಬ್ಬರೂ ಪರದೆ ನೋಡಲಿಲ್ಲ, ಎಲ್ಲರೂ ಚಾಚಾನ ಮುಖವನ್ನೇ ನೋಡಿದರು. ಮ್ಯಾನೇಜರು ನನ್ನ ಕಿವಿಯಲ್ಲಿ, “ಅವರು ‘ನಡೀತದ’ ಅಂದ್ರ ಇನ್ನೊಂದು ವಾರ ನಿಮ್ಮದೇ” ಎಂದರು.

ಶೋ ಬಿಟ್ಟಿತು. ಚಾಚಾ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದರು. ಮ್ಯಾನೇಜರು ನನ್ನ ಪೋಸ್ಟರಿಗೆ ಏಣಿ ಆನಿಸಿಕೊಂಡು, ಇಳಿಸಬೇಕೋ ಬಿಡಬೇಕೋ ಎಂದು ಕಾಯುತ್ತಿದ್ದರು. ಮಂದಿಯೆಲ್ಲ ಸುತ್ತ ನಿಂತರು. ನಾನು ಧೈರ್ಯ ಮಾಡಿ, ನನ್ನದೇ ಧ್ವನಿಯಲ್ಲಿ ಕೇಳಿದೆ: “ಹೆಂಗಿತ್ತು ಚಾಚಾ?”

“ಮ್ಯಾನೇಜರ್ ಸಾಬ್, ಏಣಿ ಹತ್ರಿ. ಇವನ ಸಿನಿಮಾದಾಗ ಇವ ಮಾಡಿದ್ದಕ್ಕಿಂತ ಇವನ ಮೊಬೈಲಿನಾಗ ನಾನೇ ಛಲೋ ಆಕ್ಟಿಂಗ್ ಮಾಡೀನಿ!”