ನೆಗಮಂ, ಎಂಬತ್ತು ಮೀಟರ್

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಇದುವರೆಗೆ ಬರೆದಿರುವುದು ರಜೆ ಅರ್ಜಿಗಳನ್ನು ಮಾತ್ರ, ಅವೂ ತಮಿಳಿನಲ್ಲಿ. ಇದು ಸರಿಯಾಗಿ ಬರದಿದ್ದರೆ ತಪ್ಪು ನನ್ನದು, ಪಂಪಿನದಲ್ಲ.

ವಿಷಯ ಇಷ್ಟೇ. ಗಣಪತಿ ಎಂಬ ಬಡಾವಣೆಯ ನಮ್ಮ ಬೀದಿಯಲ್ಲಿ, ನಮ್ಮ ಮನೆಯ ಮುಂದೆಯೇ, ನಮ್ಮ ಇಪ್ಪತ್ತೇಳು ವರ್ಷದ ಕಾರಿನ ಪೆಟ್ರೋಲ್ ಪಂಪ್ ಬದಲಾಯಿಸಲಾಗಿದೆ. ಪೆಟ್ರೋಲ್ ಪಂಪ್ ಎಂದರೆ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ, ಅಂಗೈಯಗಲದ ಸಾಮಾನು. ಎರಡು ಬೋಲ್ಟ್ ಬಿಚ್ಚಿ, ಎರಡು ರಬ್ಬರ್ ಟ್ಯೂಬ್ ಕಳಚಿದರೆ ಕೈಗೆ ಬರುತ್ತದೆ. ಅರ್ಧ ಗಂಟೆಯ ಕೆಲಸ. ನಮಗೆ ಹತ್ತೊಂಬತ್ತು ದಿನ ಹಿಡಿಯಿತು. ಯಾಕೆಂದು ವಿವರಿಸುತ್ತೇನೆ.

ನನ್ನ ಅಮ್ಮ ಪೊನ್ನಮ್ಮನಿಗೂ, ನೆಗಮಂ ಎಂಬ ಊರಿನ ಮಗ್ಗದ ಮನೆಯಲ್ಲಿರುವ ಅವಳ ಅಕ್ಕ ಜಾನಕಿಯಮ್ಮನಿಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಕಾರಣ ಈ ಕಾರೇ. ಹಿಂದೆ ಹೋಗಿದ್ದಾಗ ದೊಡ್ಡಮ್ಮ, "ಈ ಡಬ್ಬಾ ಇನ್ನೊಂದು ಸಲ ನೆಗಮಂ ಸೇರಿದ್ರೆ ನನ್ನ ಹೆಸ್ರು ಜಾನಕಿ ಅಲ್ಲ" ಎಂದಿದ್ದಳು. "ಬಂದ್ರೆ ಇದ್ರಲ್ಲೇ ಬತ್ತೀನಿ, ಇಲ್ಲಾಂದ್ರೆ ಬರಲ್ಲ" ಎಂದು ಅಮ್ಮ ಎದ್ದು ಬಂದಿದ್ದಳು. ಈಗ ದೊಡ್ಡಮ್ಮನೇ ಹೇಳಿ ಕಳಿಸಿದ್ದಳು: ನನಗೆ ಎಂಬತ್ತೊಂದು ವರ್ಷವಾಯಿತು, ಒಂದು ಸಲ ಮುಖ ತೋರಿಸು. ಅದೇ ವಾರ ಪಂಪ್ ಕೆಟ್ಟು ಕಾರು ನಿಂತಿತು. ಬಸ್ಸಿಗೆ ಅಮ್ಮ ಒಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಬ್ಯಾಟರಿಯ ವೈರ್ ಕಳಚಿ, ಹೊಸ ಪಂಪನ್ನು ಪೇಪರಿನ ಮೇಲೆ ಇಟ್ಟುಕೊಂಡೆ. ಆಗ ಕುಪ್ಪುಸಾಮಿ ಅಯ್ಯ ಬಂದರು. ಅವರು ನೀರಿನ ಪಂಪ್ ಕಾರ್ಖಾನೆಯ ನಿವೃತ್ತ ಫೋರ್‌ಮನ್, ನಮ್ಮ ಬೀದಿಯ ನಿವೃತ್ತ ಪಂಪ್ ಕಾರ್ಮಿಕರ ಸಂಘದ ಅಧ್ಯಕ್ಷರು. ಬೀದಿಗೆ ನೀರು ಬಿಡುವ ವಾಲ್ವಿನ ಕೀಲಿ ಸಂಘದ ಕೈಯಲ್ಲಿದೆ. ಇದನ್ನು ಯಾಕೆ ಹೇಳಿದೆನೆಂದರೆ, ಅವರ ಮಾತನ್ನು ನಾವು ಮೀರುವುದಿಲ್ಲ.

ಅವರು ಡಬ್ಬಿ ತಿರುಗಿಸಿ ಓದಿದರು.

"ತಂಬಿ, ಇದು ಹೊರಗಿನ ಪಂಪು."

"ಹೌದಯ್ಯಾ, ಅಂಗಡೀಲಿ ಇದೇ ಇತ್ತು."

"ಎಷ್ಟು ಅಡಿ ಎತ್ತಬೇಕು?"

"ಒಂದಡಿ ಇರಬಹುದು."

"ಒಂದಡಿ!" ಅವರು ಕಾರಿನ ಬಂಪರಿನ ಮೇಲೆ ಕೂತರು. "ಊರಿಗೆಲ್ಲ ಪಂಪು ಮಾಡಿ ಕಳಿಸೋ ಬೀದಿ ಇದು. ಇಲ್ಲಿ ಒಂದಡಿ ಎತ್ತೋಕೆ ಹೊರಗಿಂದ ಪಂಪಾ? ನಾಳೆ ಪೆಟ್ರೋಲ್ ಮಟ್ಟ ಕೆಳಕ್ಕೆ ಹೋದ್ರೆ ಏನ್ ಮಾಡ್ತೀ?"

ನಾನು ಪಂಪನ್ನು ಮತ್ತೆ ಡಬ್ಬಿಗೆ ಹಾಕಿದೆ. ಸಂಜೆಯೊಳಗೆ ನಮ್ಮ ಗೇಟಿಗೆ ಸಂಘದ ಪ್ರಕಟಣೆ ಅಂಟಿತು: "ನಿಯಮ ಏಳರ ಪ್ರಕಾರ ಈ ಬೀದಿಯಲ್ಲಿ ಕೂರಿಸುವ ಯಾವುದೇ ಪಂಪು ಈ ಬೀದಿಯವರ ಕೈಯಲ್ಲೇ ಆಗತಕ್ಕದ್ದು. ಸದರಿ ಕಾರಿಗೆ ಸಂಘವೇ ಪಂಪು ಮಾಡಿಕೊಡಲಿದೆ. ಅಲ್ಲಿಯವರೆಗೆ ಯಾರೂ ಬಾನೆಟ್ ಮುಚ್ಚಬಾರದು."

ಅಚ್ಚು, ಎರಕ, ಕಡೆತ ಎಲ್ಲ ಶ್ರದ್ಧೆಯಿಂದ ನಡೆಯಿತು. ಹತ್ತೊಂಬತ್ತನೇ ದಿನ ಪಂಪು ಬಂತು. ತೂಕ ಮೂವತ್ತೆಂಟು ಕಿಲೋ. ಬಾನೆಟ್ಟಿನೊಳಗೆ ಹಿಡಿಯದ ಕಾರಣ ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಲಾಯಿತು. ಪರೀಕ್ಷೆಯಲ್ಲಿ ಪೆಟ್ರೋಲ್ ಎದುರುಮನೆಯ ಮೂರನೇ ಮಹಡಿಯ ತಾರಸಿ ಮುಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರೂ ತಟ್ಟಿದರು.

ಒಂದು ಸಣ್ಣ ಅಂಶವಿತ್ತು. ಪಂಪಿಗೆ ತ್ರೀ ಫೇಸ್ ಕರೆಂಟ್ ಬೇಕು. ಸಂಘದ ಶೆಡ್ಡಿನಿಂದ ಕೇಬಲ್ ಎಳೆದರು. ಕೇಬಲ್ ಎಂಬತ್ತು ಮೀಟರ್, ಅಂದರೆ ಮೂಲೆಯ ಮೋಹನ್ ರಾಜ್ ಟೀ ಅಂಗಡಿಯವರೆಗೆ. ಕಾರು ಅಲ್ಲಿಯವರೆಗೆ ಬಹಳ ಚೆನ್ನಾಗಿ ಓಡುತ್ತದೆ.

"ಅಯ್ಯಾ, ನೆಗಮಂ ನಲವತ್ತು ಕಿಲೋಮೀಟರ್ ದೂರ ಇದೆ" ಎಂದೆ.

"ದೂರ ನಮ್ಮ ಇಲಾಖೆ ಅಲ್ಲ ತಂಬಿ. ನಮ್ಮದು ಎತ್ತರ."

ಅಮ್ಮ ಎರಡು ದಿನ ಊಟ ಬಿಟ್ಟಳು. ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತೇ ಇದ್ದಳು. "ಅವ್ಳು ಸತ್ಮೇಲೆ ಹೋಗ್ಲಾ?" ಎಂದು ಪಂಪನ್ನು ಕೇಳಿದಳು. ಕುಪ್ಪುಸಾಮಿ ಅಯ್ಯನಿಗೂ ಇದು ಕೇಳಿಸಿತು. ಅವರು ಕಲ್ಲುಮನಸ್ಸಿನವರಲ್ಲ. ತುರ್ತು ಸಭೆ ಸೇರಿ ನಿರ್ಣಯ ಕೈಗೊಂಡರು: "ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮೋಹನ್ ರಾಜ್ ಟೀ ಅಂಗಡಿಯನ್ನು ನೆಗಮಂ ಎಂದು ಪರಿಗಣಿಸತಕ್ಕದ್ದು." ಬೋರ್ಡ್ ಕೂಡ ಹಾಕಿದರು. ಹನ್ನೆರಡಕ್ಕೆ ಅದನ್ನು ತಿರುಗಿಸಬೇಕು, ಹಿಂದೆ 'ಬೋಂಡಾ ಇದೆ' ಎಂದು ಬರೆದಿದೆ.

ದೊಡ್ಡಮ್ಮನಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ. ಅವಳು, "ನಾನೂ ನೆಗಮಂಗೆ ಬರಬೇಕಾ ಹಂಗಾರೆ?" ಎಂದಳು. ಬಂದಳು, ಬಸ್ಸಿನಲ್ಲಿ, ಮೊಮ್ಮಗಳ ಕೈ ಹಿಡಿದು. ಬೋರ್ಡಿನ ಕೆಳಗೆ ಬೆಂಚಿನಲ್ಲಿ ಕೂತಳು. ನಾವು ಮನೆಯಿಂದ ಹೊರಟೆವು, ಹಿಂದೆ ಸಂಘದ ಆರು ಜನ ಕೇಬಲ್ ಬಿಡುತ್ತಾ ಬಂದರು. ಕಾರು ನಿಂತಾಗ ದೊಡ್ಡಮ್ಮ ಎದ್ದಳು.

"ಬಂದ್ಬಿಡ್ತಲ್ಲೇ ಡಬ್ಬಾ!"

"ಈಗ ನಿನ್ನ ಹೆಸ್ರೇನಕ್ಕಾ?" ಎಂದಳು ಅಮ್ಮ, ಇಳಿಯದೆ.

"ಏನಾದ್ರೂ ಇಟ್ಕೋ ಹೋಗು. ಆ ಕಡೆ ಸರ್ಕೋ" ಎಂದು ದೊಡ್ಡಮ್ಮ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಹನ್ನೆರಡಾದರೂ ಇಬ್ಬರೂ ಇಳಿಯಲಿಲ್ಲ. ಮೋಹನ್ ರಾಜ್ ಬೋರ್ಡ್ ತಿರುಗಿಸದೆ ಅರ್ಧ ಗಂಟೆ ತಡೆದ. ಅದಕ್ಕೆ ಅವನಿಂದ ವಿವರಣೆ ಕೇಳಲಾಗಿದೆ.

ಈಗ ನಾಲ್ಕು ತಿಂಗಳಾಯಿತು. ಒಂದು ಭಾನುವಾರವೂ ತಪ್ಪಿಲ್ಲ. ಅಂಗಡಿಯಿಂದ ತಂದ ಚಿಕ್ಕ ಪಂಪು ಬೀರುವಿನಲ್ಲಿದೆ. ಮೊನ್ನೆ ನನ್ನ ಹೆಂಡತಿ ಗೋಕಿಲಾ, "ಸದ್ದಿಲ್ದೆ ಅದನ್ನ ಹಾಕಿಬಿಡಿ, ಅರ್ಧ ಗಂಟೆ ಕೆಲಸ ತಾನೆ" ಎಂದಳು. ನಾನು ಸ್ಪ್ಯಾನರ್ ತೆಗೆದೆ. ಅಮ್ಮ ತಡೆದಳು.

"ಬೇಡ ಮಗಾ. ಅದ್ನ ಹಾಕಿದ್ರೆ ನೆಗಮಂ ಮತ್ತೆ ದೂರ ಹೋಗ್ತದೆ."

ಸ್ಪ್ಯಾನರ್ ಒಳಗಿಟ್ಟೆ. ಇನ್ನು ಕೇಬಲ್ ಸುತ್ತುವ ಕ್ರಮವನ್ನು ಹೇಳಬೇಕು. ಇದು ಮುಖ್ಯ, ಯಾಕೆಂದರೆ ಕಾರು ಹಿಂದಕ್ಕೆ ಬರುವಾಗ ಕೇಬಲ್ ಚಕ್ರದಡಿ ಸಿಗಬಾರದು. ಮೊದಲು ಎಡಗೈಯಲ್ಲಿ ಒಂದು ಸುತ್ತು, ಆಮೇಲೆ ಬಲಗೈ ಅದರ ಕೆಳಗಿನಿಂದ—

"ವಸಂತಾ! ಅಕ್ಕಾ ಬಸ್ ಇಳಿದ್ಳಂತೆ, ವೈರು ಬಿಡೋಕೆ ಬಾರೋ!"

ಬಂದೆ ಅಮ್ಮಾ. ಬಲಗೈ ಕೆಳಗಿನಿಂದ ಬಂದಾಗ— ಉಳಿದದ್ದು ನೆಗಮಂನಿಂದ ಬಂದ ಮೇಲೆ.